ಊರಿಗೆ ನೆಟ್ ತರುವ ಮುನ್ನ: ಫೈಬರ್, ಟವರ್, ವೈಫೈ, ಉಪಗ್ರಹ – ಯಾವ ಊರಿಗೆ ಯಾವುದು?

ಹುಟ್ಟೂರಿನ ಶಾಲೆಗೋ ಪಂಚಾಯ್ತಿ ಗ್ರಂಥಾಲಯಕ್ಕೋ ಏನಾದರೂ ಮಾಡಬೇಕು ಎಂದು ದುಡ್ಡು ಎತ್ತಿಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಂಗಳೂರಲ್ಲಿ ನೆಲೆಸಿದವರು, ಹೊರದೇಶದಲ್ಲಿರುವವರು, ಹಳೆ ವಿದ್ಯಾರ್ಥಿಗಳ ಸಂಘಗಳು. ಅವರಿಗೆ ಮೊದಲು ಹೊಳೆಯುವುದು ಹೆಚ್ಚಾಗಿ ಒಂದೇ: ಇಪ್ಪತ್ತು ಟ್ಯಾಬ್ ಕೊಡಿಸೋಣ. ಈಗೀಗ ಇನ್ನೊಂದು ಸೇರಿದೆ: ಉಪಗ್ರಹದ ನೆಟ್ ಹಾಕಿಸಿಬಿಡೋಣ. ಎರಡೂ ಕೆಲವು ಊರಿಗೆ ಸರಿಯೇ. ಆದರೆ ಯಾವ ಊರು ಎಂದು ಕೇಳದೆ ಕೊಂಡರೆ ಎರಡೂ ವರ್ಷದೊಳಗೆ ಮೂಲೆ ಸೇರುತ್ತವೆ.

ಈ ಬರಹ ಅಂಥವರಿಗೆ, ಮತ್ತು ಇಂಥ ತೀರ್ಮಾನ ಮಾಡಬೇಕಾದ ಪಂಚಾಯ್ತಿ ಸದಸ್ಯರಿಗೆ. ಮಲೆನಾಡು ಮತ್ತು ಘಟ್ಟದ ಬುಡದ ಊರುಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದ ಫೋಟೊ 2021ರಲ್ಲಿ ದೇಶವೆಲ್ಲ ಸುತ್ತಿತ್ತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಬ್ಯಾನರ್ ಕಟ್ಟಿದರು. ಆಮೇಲೆ ಒಂದಷ್ಟು ಬದಲಾಗಿದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದು ಮಾತ್ರ ಪೂರ್ತಿ ನಿಂತಿಲ್ಲ.

ಮೊದಲು ಕೊರತೆ ಎಲ್ಲಿದೆ ನೋಡಿ

‘ನಮ್ಮೂರಲ್ಲಿ ನೆಟ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದರ ಹಿಂದೆ ಬೇರೆ ಬೇರೆ ತೊಂದರೆಗಳಿರಬಹುದು. ಸಿಗ್ನಲ್ಲೇ ಬರದಿರಬಹುದು. ಸಿಗ್ನಲ್ ಬಂದರೂ ಕರೆಂಟ್ ಹೋದ ಕೂಡಲೇ ಟವರ್ ಸತ್ತುಹೋಗುತ್ತಿರಬಹುದು. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದು ಅದು ಹಗಲೆಲ್ಲ ಗಂಡಸಿನ ಜೇಬಿನಲ್ಲಿರಬಹುದು. ಎಲ್ಲ ಇದ್ದೂ ಅದರಿಂದ ಪಹಣಿ ತೆಗೆಯುವುದು, ಅರ್ಜಿ ಹಾಕುವುದು ಹೇಗೆಂದು ಗೊತ್ತಿಲ್ಲದಿರಬಹುದು.

ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎಯ 2024ರ ವರದಿ ನೋಡಿ. ಜಗತ್ತಿನಲ್ಲಿ ಮೊಬೈಲ್ ಇಂಟರ್‌ನೆಟ್ಟಿನ ಸಿಗ್ನಲ್ಲೇ ತಲುಪದ ಜಾಗದಲ್ಲಿರುವವರು ಶೇಕಡಾ 4ರಷ್ಟು ಮಾತ್ರ. ಸಿಗ್ನಲ್ ಇದ್ದೂ ಬಳಸದವರು ಶೇಕಡಾ 39. ನಮ್ಮ ದೇಶದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರವರೆಗೆ. ಅದರ ಪ್ರಕಾರ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹಳ್ಳಿ ಗಂಡಸರು ಶೇಕಡಾ 48.7, ಹಳ್ಳಿ ಹೆಂಗಸರು 24.6. ಒಂದೇ ಮನೆ, ಒಂದೇ ಟವರ್, ಆದರೂ ಅರ್ಧಕ್ಕರ್ಧ ವ್ಯತ್ಯಾಸ. ಯಾವ ಉಪಗ್ರಹ ಬಂದರೂ ಇದು ತಾನಾಗಿ ಕಡಿಮೆಯಾಗುವುದಿಲ್ಲ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಊರಿನ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಫೋನ್ ಹಿಡಿದು ನಡೆಯಿರಿ. ಎಲ್ಲಿ ಯಾವ ಕಂಪನಿಯ ಸಿಗ್ನಲ್ ಇದೆ ಎಂದು ಬರೆದುಕೊಳ್ಳಿ. ಹಾಗೆಯೇ ಪ್ರತಿ ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ, ರೀಚಾರ್ಜ್ ತಿಂಗಳಿಗೆಷ್ಟು ಎಂದು ಕೇಳಿ. ದಿನಕ್ಕೊಂದೆರಡು ಜಿಬಿ ಕೊಡುವ 28 ದಿನದ ಪ್ಯಾಕ್ ಈಗ ಸುಮಾರು 300 ರೂಪಾಯಿಗೆ ಮುಟ್ಟಿದೆ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮನೆಯಲ್ಲಿ ಮೂರು ಫೋನ್ ಇದ್ದರೆ ತಿಂಗಳಲ್ಲಿ ಎರಡು ದಿನದ ದುಡಿಮೆಗಿಂತ ಜಾಸ್ತಿ ರೀಚಾರ್ಜಿಗೇ ಹೋಗುತ್ತದೆ. ಮೊದಲು ಕಟ್ ಆಗುವುದು ಯಾರ ಫೋನಿನ ರೀಚಾರ್ಜ್ ಎಂದು ನಾನು ಹೇಳಬೇಕಿಲ್ಲ ಅಲ್ವಾ?

ಅಳೆಯುವುದು ಹೇಗೆ

ಮಾರುವವರು ಎಂಬಿಪಿಎಸ್, ಅಂದರೆ ವೇಗದ ಲೆಕ್ಕ ಹೇಳುತ್ತಾರೆ. ನಾನು ನೋಡುವುದು ಎರಡೇ ಎರಡು. ಜುಲೈ ತಿಂಗಳಲ್ಲಿ ಇದು ಎಷ್ಟು ದಿನ ನಡೆಯುತ್ತದೆ? ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಬಂದು ಸರಿ ಮಾಡುತ್ತಾರೆ? ಮಾರ್ಚ್ ತಿಂಗಳಲ್ಲಿ ಎಲ್ಲ ತಂತ್ರಜ್ಞಾನವೂ ಚೆನ್ನಾಗಿಯೇ ಓಡುತ್ತದೆ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ, ರಸ್ತೆ ಕುಸಿದು ಪೇಟೆಯಿಂದ ಯಾರೂ ಬರಲಾಗದಾಗ ಏನಾಗುತ್ತದೆ ಎನ್ನುವುದರಲ್ಲಿ ಇವುಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ.

ಫೈಬರ್

ಕೇಬಲ್ ತಲುಪುವ ಜಾಗದಲ್ಲಿ ಇದಕ್ಕೆ ಸಾಟಿ ಇಲ್ಲ. ವೇಗ ಜಾಸ್ತಿ, ತಿಂಗಳ ಬಾಡಿಗೆ ಮನೆಗೆ ಸುಮಾರು 400ರಿಂದ 600 ರೂಪಾಯಿ, ಒಂದು ಸಂಪರ್ಕದಲ್ಲಿ ಹತ್ತು ಜನ ಕೂತು ಕೆಲಸ ಮಾಡಬಹುದು. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅದನ್ನೇ ಈಗ ಭಾರತ್‌ನೆಟ್ ಎನ್ನುವುದು.

ಮೊದಲ ಹಂತದಲ್ಲಿ ಕೇಬಲ್ ಎಳೆದದ್ದು ಒಂದೇ ಸಾಲಿನಲ್ಲಿ. ನಡುವೆ ಎಲ್ಲೋ ಜೆಸಿಬಿ ಹಲ್ಲು ತಾಗಿದರೆ ಅಲ್ಲಿಂದಾಚೆಗಿನ ಊರಿಗೆಲ್ಲ ಬಂದ್. ಪಂಚಾಯ್ತಿ ಕಚೇರಿಯ ಮೂಲೆಯಲ್ಲಿ ಪೆಟ್ಟಿಗೆ ಇದೆ, ದೀಪ ಮಾತ್ರ ಉರಿಯುವುದಿಲ್ಲ ಎನ್ನುವ ದೂರು ಹುಟ್ಟಿದ್ದು ಹೀಗೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆ 1,39,579 ಕೋಟಿ ರೂಪಾಯಿಯದು. ಅದರಲ್ಲಿ ಕೇಬಲ್ಲನ್ನು ಉಂಗುರದಂತೆ ಸುತ್ತಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಕೇಬಲ್ ಹಾಕಿದವರೇ ಹತ್ತು ವರ್ಷ ನೋಡಿಕೊಳ್ಳಬೇಕು ಎಂಬ ಷರತ್ತೂ ಇದೆ. ನನಗೆ ದುಡ್ಡಿನ ಮೊತ್ತಕ್ಕಿಂತ ಈ ಷರತ್ತೇ ದೊಡ್ಡದು.

ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ದೂರ. ಮುಖ್ಯ ಲೈನಿನಿಂದ ತೋಟದ ನಡುವಿನ ಒಂಟಿ ಮನೆಗೆ ಅರ್ಧ ಕಿಲೋಮೀಟರ್ ಕೇಬಲ್ ಬೇಕಾಗಬಹುದು. ಅದನ್ನು ಮರದಿಂದ ಮರಕ್ಕೆ ಕಟ್ಟುತ್ತಾರೆ. ಗಾಳಿ ಮಳೆಗೆ ಕೊಂಬೆ ಬಿದ್ದರೆ ಕಟ್. ಆಗ ಎಲ್ಲ ನಿಂತಿರುವುದು ಒಬ್ಬರ ಮೇಲೆ: ಜೋಡಿಸುವ ಮಷಿನ್ ಇರುವ ಹತ್ತಿರದ ಕೇಬಲ್ ಹುಡುಗ. ಅವನು ಹತ್ತು ಕಿಲೋಮೀಟರ್ ಒಳಗಿದ್ದರೆ ಫೈಬರ್ ಹಾಕಿಸಿ, ಎರಡನೇ ಯೋಚನೆ ಬೇಡ. ಜಿಲ್ಲಾ ಕೇಂದ್ರದಿಂದ ಬರಬೇಕು ಎಂದರೆ ಜೊತೆಗೊಂದು ಬದಲಿ ವ್ಯವಸ್ಥೆ ಇಟ್ಟುಕೊಳ್ಳಿ.

ಸಿಡಿಲಿನ ವಿಷಯ ಮರೆಯಬೇಡಿ. ರೂಟರ್ ಸುಡುವುದು ಹೆಚ್ಚಾಗಿ ಕರೆಂಟ್ ಲೈನಿನ ಕಡೆಯಿಂದ. ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ ಎಂದು ಗೋಡೆಗೆ ಚೀಟಿ ಅಂಟಿಸಿದರೂ ಸಾಕು, ಎಷ್ಟೋ ದುಡ್ಡು ಉಳಿಯುತ್ತದೆ.

ಟವರ್

ಟವರ್ ಬಂದರೆ ಇಡೀ ಊರಿಗೆ ಒಂದೇ ಸಲ ಸಿಗುತ್ತದೆ, ದಾರಿಯಲ್ಲಿ ನಡೆಯುವಾಗಲೂ ಸಿಗುತ್ತದೆ. ರಾತ್ರಿ ಹಾವು ಕಚ್ಚಿದರೆ ಆಂಬುಲೆನ್ಸಿಗೆ ಫೋನ್ ಮಾಡಲು ವೈಫೈ ಹುಡುಕುತ್ತ ಓಡಲಾಗುವುದಿಲ್ಲ. ಅದಕ್ಕೇ ಬರೀ ಡೇಟಾ ಲೆಕ್ಕದಲ್ಲಿ ಟವರನ್ನು ಫೈಬರ್ ಜೊತೆ ಹೋಲಿಸಬಾರದು. ಕರೆ ಹೋಗುವುದು ಬದುಕಿನ ಪ್ರಶ್ನೆ.

ಆದರೆ ಟವರ್ ನಿಮ್ಮ ದುಡ್ಡಿಗೆ ಬರುವಂಥದ್ದಲ್ಲ. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಇಟ್ಟಿತು, ಕೆಲಸ ಬಿಎಸ್‌ಎನ್‌ಎಲ್‌ಗೆ ಹೋಯಿತು. ಅದರ 4ಜಿಗೆ ಬೇಕಾದ ರೇಡಿಯೊ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ತಿಳಿದುಕೊಂಡು, ಇಲ್ಲದಿದ್ದರೆ ಗ್ರಾಮಸಭೆಯ ನಿರ್ಣಯ ಮಾಡಿಸಿ ಸಂಸದರ ಮೂಲಕ ಒತ್ತಾಯ ತರುವುದು ನೀವು ಮಾಡಬಹುದಾದ ಕೆಲಸ. ಕಾಡಂಚಿನಲ್ಲಿ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ತರಂಗದ ವಿಷಯವೂ ಸ್ವಲ್ಪ ಗೊತ್ತಿರಲಿ. 700 ಮೆಗಾಹರ್ಟ್ಜ್ ತರಂಗ ಮರಗಿಡ ದಾಟಿ ದೂರ ಹೋಗುತ್ತದೆ. 2100 ಅಥವಾ ಅದಕ್ಕಿಂತ ಮೇಲಿನದು ಬೇಗ ಸೋಲುತ್ತದೆ. ಹೊಸ ಟವರ್ ಬರುವಾಗ ಯಾವ ತರಂಗ ಹಾಕುತ್ತೀರಿ, ಬ್ಯಾಟರಿ ಎಷ್ಟು ಗಂಟೆಯದು, ಸೋಲಾರ್ ಇದೆಯೇ ಎಂದು ಕೇಳಿ. ಬ್ಯಾಟರಿ ಸರಿಯಿಲ್ಲದ ಟವರ್ ಇದ್ದರೂ ಜುಲೈನಲ್ಲಿ ಇಲ್ಲದಂತೆಯೇ.

ಗುಡ್ಡದಿಂದ ಗುಡ್ಡಕ್ಕೆ ವೈಫೈ

ಜನ ಕಡಿಮೆ ಮಾತಾಡುವ, ಆದರೆ ನನಗೆ ತುಂಬ ಇಷ್ಟವಾದ ದಾರಿ ಇದು. ಪಂಚಾಯ್ತಿ ಕಚೇರಿಗೆ ಫೈಬರ್ ಬಂದಿದೆ, ನಾಲ್ಕು ಕಿಲೋಮೀಟರ್ ದೂರದ ಕೇರಿಗೆ ಬಂದಿಲ್ಲ ಎನ್ನಿ. ಎರಡೂ ಕಡೆ ಎತ್ತರದಲ್ಲಿ ಒಂದೊಂದು ಸಣ್ಣ ಆಂಟೆನಾ ಇಟ್ಟು ಒಂದಕ್ಕೊಂದು ಎದುರು ಮಾಡಿದರೆ ಆಯಿತು. ಒಂದು ಜೋಡಿಗೆ ಹತ್ತು ಹದಿನೈದು ಸಾವಿರ ರೂಪಾಯಿ. ಒಂದೊಂದು ಕುಡಿಯುವ ಕರೆಂಟ್ ಹತ್ತು ವ್ಯಾಟ್‌ನೊಳಗೆ. ತಮಿಳುನಾಡಿನ ತೇನಿಯಲ್ಲಿ ಅರವಿಂದ್ ಕಣ್ಣಾಸ್ಪತ್ರೆ ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಹೀಗೆ ಹಳ್ಳಿಯ ಕಣ್ಣಿನ ಕೇಂದ್ರಗಳನ್ನು ಜೋಡಿಸಿತ್ತು. ಹಳ್ಳಿಯಲ್ಲಿ ಕೂತ ರೋಗಿಯನ್ನು ಪಟ್ಟಣದ ವೈದ್ಯರು ವಿಡಿಯೊದಲ್ಲಿ ನೋಡುತ್ತಿದ್ದರು. ಧರ್ಮಶಾಲೆಯ ಬೆಟ್ಟಗಳಲ್ಲಿ ಏರ್‌ಜಲ್ದಿ ಎನ್ನುವ ಸಂಸ್ಥೆ ಇದೇ ಕೆಲಸ ಮಾಡುತ್ತ ಬಂದಿದೆ.

ಷರತ್ತು ಒಂದೇ: ಈ ತುದಿಯಿಂದ ಆ ತುದಿ ಕಣ್ಣಿಗೆ ಕಾಣಬೇಕು. ಮಳೆ ಅಷ್ಟು ತೊಂದರೆ ಕೊಡುವುದಿಲ್ಲ, ನೆನೆದ ಎಲೆ ಕೊಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದ ಮರದ ನಡುವೆ ಸಲೀಸಾಗಿ ಬಂದ ಸಿಗ್ನಲ್ ಮಳೆಗಾಲದಲ್ಲಿ ಮಾಯವಾಗುತ್ತದೆ. ಹಾಗಾಗಿ ಜಾಗ ಗೊತ್ತು ಮಾಡುವುದು ಮಳೆಗಾಲದಲ್ಲೇ ಆಗಲಿ. ಇದರ ದೊಡ್ಡ ಗುಣ ರಿಪೇರಿ. ಕರೆಂಟ್ ಕೆಲಸ ಬಲ್ಲ ಊರಿನ ಹುಡುಗ ಹುಡುಗಿಯರು ಒಂದು ವಾರದಲ್ಲಿ ಕಲಿಯಬಹುದು. ಒಂದು ಆಂಟೆನಾ ಹೆಚ್ಚಿಗೆ ತಂದಿಟ್ಟುಕೊಂಡರೆ ಕೆಟ್ಟ ದಿನವೇ ಬದಲಾಯಿಸಬಹುದು.

ಆ ಕಡೆ ತಲುಪಿದ ನೆಟ್ಟನ್ನು ದುಡ್ಡಿಗೆ ಹಂಚಬೇಕಾದರೆ ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿ ಇದೆ. 2020ರ ಡಿಸೆಂಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಹತ್ತು ರೂಪಾಯಿಗೆ ದಿನದ ನೆಟ್ ಕೊಡಬಹುದು. ತಿಂಗಳ ರೀಚಾರ್ಜಿಗೆ ಒಟ್ಟಿಗೆ ದುಡ್ಡು ಹೊಂದಿಸಲಾಗದವರಿಗೆ ಇದು ದೊಡ್ಡ ಅನುಕೂಲ. ಅಂಗಡಿಯವರಿಗೆ ಕಂಪನಿಗಳು ದುಬಾರಿ ದರ ಹಾಕುತ್ತಿದ್ದದ್ದೇ ಇದು ನಿಧಾನವಾಗಿ ಬೆಳೆಯಲು ಒಂದು ಕಾರಣ. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅದಕ್ಕೆ ಮಿತಿ ಹಾಕಿತು: ಮನೆಗಳಿಗೆ ಕೊಡುವ ದರದ ಎರಡರಷ್ಟನ್ನು ದಾಟುವಂತಿಲ್ಲ.

ಉಪಗ್ರಹ

ವಿಸ್ಯಾಟ್ ಎನ್ನುವ ಹಳೆಯ ಬಗೆಯ ಡಿಶ್ ಸಂಪರ್ಕದ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಮಾತು ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ವಿಡಿಯೊ ಕರೆಯಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಆ ತೊಂದರೆ ಇಲ್ಲ. ನೈಜೀರಿಯಾದಲ್ಲಿ ಅದು 2023ರಿಂದ ಇದೆ. ಭಾರತದಲ್ಲಿ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ.

ನಮ್ಮ ಊರಿಗೆ ಇದನ್ನು ತೂಗುವಾಗ ನಾನು ದರಕ್ಕಿಂತ ಮೊದಲು ಕರೆಂಟ್ ನೋಡುತ್ತೇನೆ. ಡಿಶ್ 50ರಿಂದ 100 ವ್ಯಾಟ್ ಎಳೆಯುತ್ತದೆ. ಫೈಬರ್ ರೂಟರ್ ಎಳೆಯುವುದು ಸುಮಾರು ಹತ್ತು. ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಬ್ಯಾಟರಿಯಿಂದ ರೂಟರ್ ಮೂರು ದಿನ ಓಡಬಹುದು, ಡಿಶ್ ಒಂದು ರಾತ್ರಿ ಓಡಿದರೆ ಹೆಚ್ಚು. ಎರಡನೆಯದು ಆಕಾಶ. ಡಿಶ್ಶಿಗೆ ಸುತ್ತ ಬಯಲು ಬೇಕು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಮೇಲೆ ನೋಡಿದರೆ ಕಾಣುವುದು ಸೋಗೆ. ಕೆಟ್ಟರೆ ಊರಲ್ಲಿ ಬಿಚ್ಚಿ ನೋಡುವವರು ಯಾರೂ ಇಲ್ಲ.

ಆದರೂ ಕಾಡಿನೊಳಗಿನ ಹಾಡಿ, ಹಿನ್ನೀರಿನ ಆಚೆಯ ಊರು, ಫೈಬರ್ ಬರದ ಮತ್ತು ಎದುರಿಗೆ ಗುಡ್ಡವೂ ಕಾಣದ ಕಣಿವೆ, ಇಂಥ ಕಡೆ ಇದು ಸರಿಯಾದ ಉತ್ತರವಾಗಬಹುದು. ಶಾಲೆ, ಆರೋಗ್ಯ ಉಪಕೇಂದ್ರ ಇರುವ ಒಂದು ಜಾಗಕ್ಕೆ ಒಂದು ಡಿಶ್, ಅಲ್ಲಿಂದ ವೈಫೈ. ಮನೆಮನೆಗೆ ಅಲ್ಲ.

ಆಕಾಶದಿಂದ ನೆಟ್ ಎನ್ನುವ ಮಾತನ್ನು ನಂಬಿ ನೆಲದ ಕೆಲಸ ನಿಲ್ಲಿಸಬೇಡಿ. ಗೂಗಲ್‌ನ ಮಾತೃಸಂಸ್ಥೆಯ ಬಲೂನ್ ಯೋಜನೆ ಲೂನ್ 2020ರ ಜುಲೈನಲ್ಲಿ ಕೀನ್ಯಾದಲ್ಲಿ ಸೇವೆ ಶುರು ಮಾಡಿತು. 2021ರ ಜನವರಿಯಲ್ಲಿ ಮುಚ್ಚುವುದಾಗಿ ಹೇಳಿತು. ದುಡ್ಡು ಹಾಕುವವರು ದೂರದಲ್ಲಿದ್ದರೆ ನಿಲ್ಲಿಸುವ ತೀರ್ಮಾನವೂ ದೂರದಲ್ಲೇ ಆಗುತ್ತದೆ.

ನೆಟ್ ಇಲ್ಲದೆಯೂ ಆಗುವುದು

ಸಾಲಿನಲ್ಲಿ ಕೊನೆಗೆ ಬಂದರೂ ಮೊದಲು ಮಾಡಬಹುದಾದ ಕೆಲಸ ಇದು. ರಾಸ್ಪ್‌ಬೆರಿ ಪೈ ಎನ್ನುವ ಅಂಗೈಯಗಲದ ಕಂಪ್ಯೂಟರ್ ಅಥವಾ ಹಳೆಯ ಲ್ಯಾಪ್‌ಟಾಪ್ ಒಂದನ್ನು ಶಾಲೆಯಲ್ಲಿ ಇಟ್ಟು ಅದರಿಂದ ವೈಫೈ ಬಿಡಬಹುದು. ಕಿವಿಕ್ಸ್ ಎನ್ನುವ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯ ಇಡೀ ಒಂದು ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಕೊಲಿಬ್ರಿ ಎನ್ನುವುದರಲ್ಲಿ ಪಾಠ, ಅಭ್ಯಾಸ ಎಲ್ಲ ಹಾಕಿಡಬಹುದು. ಹೊರಗಿನ ನೆಟ್ ಸತ್ತರೂ ಮಕ್ಕಳ ಓದು ನಡೆಯುತ್ತದೆ. ಒಟ್ಟು ಖರ್ಚು ಹದಿನೈದು ಸಾವಿರದೊಳಗೆ. ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಹೊಸತನ್ನು ತುಂಬಿಕೊಂಡು ಬಂದರಾಯಿತು.

ಇನ್ನು ಕೀಪ್ಯಾಡ್ ಫೋನ್. ಫೋನಿನಿಂದ ದುಡ್ಡು ಕಳಿಸುವ ಕೀನ್ಯಾದ ಎಂ-ಪೆಸಾ 2007ರಲ್ಲಿ ಶುರುವಾದದ್ದು ಸಾದಾ ಫೋನಿನ ಮೇಲೆ, ಇಂಟರ್‌ನೆಟ್ ಇಲ್ಲದೆ. ಅದರಷ್ಟು ಜನರನ್ನು ಬ್ಯಾಂಕಿನ ಹತ್ತಿರ ತಂದ ಆ್ಯಪ್ ಕಡಿಮೆ. ನಮ್ಮಲ್ಲೂ 2022ರಿಂದ ಯುಪಿಐ 123ಪೇ ಇದೆ, ಕರೆ ಮಾಡಿ ದುಡ್ಡು ಕಳಿಸಬಹುದು. ಛತ್ತೀಸಗಢದ ಸಿಜಿನೆಟ್ ಸ್ವರ, ಜಾರ್ಖಂಡ್‌ನ ಮೊಬೈಲ್ ವಾಣಿ ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಮಾಡಿ ಊರಿನ ಸುದ್ದಿ ಕೇಳಿಸುತ್ತವೆ, ನಿಮ್ಮ ಮಾತನ್ನೂ ದಾಖಲಿಸಿಕೊಳ್ಳುತ್ತವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ 2003ರಲ್ಲೇ ಕೇಬಲ್ ಮೂಲಕ ಮನೆಮನೆಗೆ ರೇಡಿಯೊ ತಲುಪಿಸಿತ್ತು. ಸಮುದಾಯಗಳಿಗೆ ರೇಡಿಯೊ ಪರವಾನಗಿ ಇಲ್ಲದ ಕಾಲ ಅದು. ಓದು ಬರೆಹ ಬಾರದ ಅಜ್ಜಿಗೂ ತಲುಪುವುದು ಮಾತು. ಧ್ವನಿಯಿಂದ ನಡೆಯುವ ಕನ್ನಡದ ಸೇವೆಗಳು ಬೆಳೆದಂತೆ ಈ ದಾರಿ ಇನ್ನೂ ಗಟ್ಟಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕಾಗಿಯೇ ಐಐಎಸ್ಸಿಯ ‘ವಾಣಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಜನರ ಮಾತು ಅರ್ಥವಾಗುವಂತೆ ಮಾಡಲು ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸುತ್ತಿರುವುದು ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ.

ಟ್ಯಾಬ್ ಕೊಡಿಸಬೇಕೇ?

ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಲ್ಯಾಪ್‌ಟಾಪ್ ಕೊಂಡಿತು. ಮಗುವಿಗೊಂದು ಲ್ಯಾಪ್‌ಟಾಪ್ ಎನ್ನುವ ಆ ಯೋಜನೆಯ ಗುರಿ ನೂರು ಡಾಲರ್ ಬೆಲೆ, ಕೊನೆಗೆ ಸುಮಾರು ಇನ್ನೂರಾಯಿತು. 319 ಹಳ್ಳಿ ಶಾಲೆಗಳನ್ನು ನೋಡಿದ ಅಧ್ಯಯನ 2012ರಲ್ಲಿ ಬಂತು. ಗಣಿತದಲ್ಲಿ, ಭಾಷೆಯಲ್ಲಿ ಅಂಕ ಮೇಲೇರಿದ ಸುಳಿವು ಸಿಗಲಿಲ್ಲ. ಯಂತ್ರ ಕೊಟ್ಟರು, ಕಲಿಸುವವರಿಗೆ ತಯಾರಿ ಸಾಲಲಿಲ್ಲ.

ಹಾಗಾಗಿ ಇಪ್ಪತ್ತು ಟ್ಯಾಬ್ ಮಕ್ಕಳಿಗೆ ಹಂಚುವ ಬದಲು ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರ್ ಇಡಿ ಎನ್ನುತ್ತೇನೆ. ಕರ್ನಾಟಕದ ಪಂಚಾಯ್ತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಲ್ಲಿವೆ, ಈಗ ಅರಿವು ಕೇಂದ್ರ ಎಂದು ಹೆಸರು. ಕಟ್ಟಡ ಇದೆ, ನೋಡಿಕೊಳ್ಳುವವರು ಇದ್ದಾರೆ. ಟ್ಯಾಬಿನ ಗಾಜು ಒಡೆದರೆ ಅಲ್ಲಿಗೆ ಮುಗಿಯಿತು. ಕಂಪ್ಯೂಟರಿನ ಕೀಬೋರ್ಡ್ ಕೆಟ್ಟರೆ ತಾಲ್ಲೂಕಿನ ಅಂಗಡಿಯಲ್ಲೇ ಸಿಗುತ್ತದೆ. ಹೆಣ್ಣುಮಕ್ಕಳು ಬರುವ ಹೊತ್ತಿಗೆ ಬಾಗಿಲು ತೆಗೆದಿರುತ್ತದೆಯೇ ಎನ್ನುವುದನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಸಂಜೆ ಕತ್ತಲಾದ ಮೇಲೆ ತೆರೆಯುವ ಕೇಂದ್ರ ಅವರ ಪಾಲಿಗೆ ಮುಚ್ಚಿದಂತೆಯೇ. ಮಧ್ಯಾಹ್ನ ಎರಡು ಗಂಟೆ ಹೆಂಗಸರಿಗೆಂದೇ ಇಟ್ಟರೆ ಬರುವವರು ಬರುತ್ತಾರೆ.

ಐದು ಲಕ್ಷ ಇದ್ದರೆ

ಪಂಚಾಯ್ತಿಗೆ ಫೈಬರ್ ಬಂದಿರುವ ಮಲೆನಾಡಿನ ಊರಿಗೆ ನಾನು ಹೀಗೆ ಹಂಚುತ್ತೇನೆ, ಎಲ್ಲ ಅಂದಾಜು. ಗ್ರಂಥಾಲಯಕ್ಕೆ ಫೈಬರ್ ಮತ್ತು ಎರಡು ವರ್ಷದ ಬಾಡಿಗೆಗೆ 15 ಸಾವಿರ. ಸೋಲಾರ್, ಬ್ಯಾಟರಿಗೆ 60 ಸಾವಿರ. ದೂರದ ಎರಡು ಕೇರಿಗೆ ವೈಫೈ, ಕಂಬ, ಸಿಡಿಲು ತಡೆ ಸೇರಿ 50 ಸಾವಿರ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮತ್ತು ನೆಟ್ ಇಲ್ಲದೆ ನಡೆಯುವ ಪಾಠದ ಪೆಟ್ಟಿಗೆಗೆ 80 ಸಾವಿರ. ಉಳಿದದ್ದರಲ್ಲಿ ದೊಡ್ಡ ಪಾಲು ಊರಿನ ಒಬ್ಬರಿಗೆ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳಿಗೆ. ತಿಂಗಳಿಗೆ ಎಂಟು ಸಾವಿರದಂತೆ ಎರಡು ವರ್ಷಕ್ಕೆ 1.92 ಲಕ್ಷ. ಜನರಿಗೆ ಕಲಿಸುವುದು, ಕೆಟ್ಟದ್ದನ್ನು ನೋಡುವುದು, ಎರಡೂ ಅವರ ಕೆಲಸ. ಮಿಕ್ಕ ಒಂದು ಲಕ್ಷವನ್ನು ರಿಪೇರಿಗೆಂದು ಪ್ರತ್ಯೇಕ ಖಾತೆಯಲ್ಲಿಡಿ. ದಾನಿಗಳು ಇದಕ್ಕೆ ಬೇಗ ಒಪ್ಪುವುದಿಲ್ಲ, ಫಲಕದ ಮೇಲೆ ಹೆಸರು ಬರೆಸಲು ವಸ್ತು ಬೇಕು ಎನಿಸುತ್ತದೆ. ಹಟ ಹಿಡಿದು ಒಪ್ಪಿಸಿ.

ಬಯಲುಸೀಮೆಯ, ಟವರ್ ಚೆನ್ನಾಗಿರುವ ಊರಾದರೆ ಲೆಕ್ಕವೇ ಬೇರೆ. ಅಲ್ಲಿ ಉಪಕರಣಕ್ಕೆ ಒಂದು ಲಕ್ಷ ದಾಟಬೇಡಿ. ಸ್ತ್ರೀಶಕ್ತಿ ಸಂಘಗಳ ಮೂಲಕ ಹೆಂಗಸರಿಗೆ ಫೋನ್ ಬಳಕೆ ಕಲಿಸಲು, ಮೋಸದ ಕರೆ ಗುರುತಿಸಲು, ಅವರ ರೀಚಾರ್ಜಿಗೆ ಮೊದಲ ಆರು ತಿಂಗಳು ಸಹಾಯ ಮಾಡಲು ಉಳಿದದ್ದನ್ನು ಬಳಸಿ.

ದುಡ್ಡು ಕೊಡುವ ಮುನ್ನ ಪಂಚಾಯ್ತಿಯಿಂದ ಒಂದು ಕಾಗದ ಬರೆಸಿಕೊಳ್ಳಿ. ಎರಡು ವರ್ಷದ ನಂತರ ಬಾಡಿಗೆ ಯಾರು ಕಟ್ಟುತ್ತಾರೆ, ಬ್ಯಾಟರಿ ಸತ್ತಾಗ ಯಾವ ಅನುದಾನದಿಂದ ತರುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ. ಈ ಮೂರಕ್ಕೆ ಹೆಸರು ಸಮೇತ ಉತ್ತರ ಸಿಗುವ ತನಕ ಆಂಟೆನಾಗೆ ಆರ್ಡರ್ ಕೊಡಬೇಡಿ.